ಎಬ್ಬಿಸಬೇಕಾದವನೇ ಮಲಗಿದರೆ? ಒಂದು ಫ್ರೆಂಚ್ ಶಿಶುಗೀತೆಯ ಅರ್ಥವಿಚಾರ

ಮಕ್ಕಳ ಹಾಡನ್ನು ಯಾರೂ ವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಮಗು ಹಾಡಿತು, ನಾವು ಚಪ್ಪಾಳೆ ತಟ್ಟಿದೆವು, ಅಲ್ಲಿಗೆ ಮುಗಿಯಿತು. ಆದರೆ ಮನುಷ್ಯನು ತನ್ನ ಬಾಳಿನಲ್ಲಿ ಮೊಟ್ಟಮೊದಲು ಕಂಠಪಾಠ ಮಾಡುವ ಸಾಹಿತ್ಯ ಅದೇ. ಎಷ್ಟೋ ಮನೆಗಳಲ್ಲಿ ಪ್ರಾರ್ಥನೆಗಿಂತಲೂ ಮೊದಲೇ ಮಗುವಿನ ನಾಲಗೆಗೆ ಹತ್ತುವ ಮಾತು ಅದೇ. ಮುಪ್ಪಿನಲ್ಲಿ ಎಲ್ಲವೂ ಮರೆತುಹೋದ ಮೇಲೂ ಉಳಿಯುವ ನಾಲ್ಕು ಸಾಲುಗಳು ಹೆಚ್ಚಾಗಿ ಅವೇ ಆಗಿರುತ್ತವೆ. ಇಂಥ ಮಾತಿನ ಒಳಗೆ ಏನಿದೆ ಎಂದು ಕೇಳಿಕೊಳ್ಳುವುದು ವ್ಯರ್ಥ ಪಾಂಡಿತ್ಯವಲ್ಲ. ಅದು ಹೆತ್ತವರ ಕರ್ತವ್ಯ.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಎಲ್‌ಕೆಜಿಗೆ ಹೋಗುವ ಮಗುವಿದ್ದರೆ ಆ ಮನೆಗೆ ಒಂದು ಇಂಗ್ಲಿಷ್ ಹಾಡು ಬಹುಮಟ್ಟಿಗೆ ಬಂದೇ ಇರುತ್ತದೆ. ಜಾನ್ ಎಂಬ ಸಹೋದರನೊಬ್ಬ ಮಲಗಿದ್ದಾನೆ. ಬೆಳಗಿನ ಗಂಟೆಗಳು ಕೇಳಿಸುತ್ತಿವೆ. ಕೊನೆಯಲ್ಲಿ ಗಂಟೆಯ ನಾದದ ಅನುಕರಣೆ. ಹಾಡು ಇಷ್ಟೇ. ರಾಗ ಎಷ್ಟು ಸುಲಭವೆಂದರೆ ಒಮ್ಮೆ ಕೇಳಿದ ಮಗು ಮರುಗಳಿಗೆಯೇ ಗುನುಗುತ್ತದೆ. ಈ ಹಾಡಿನ ಹುಟ್ಟೂರು ಇಂಗ್ಲೆಂಡ್ ಅಲ್ಲ, ಫ್ರಾನ್ಸ್. ಮೂಲದಲ್ಲಿ ಇದರ ಹೆಸರು 'ಫ್ರೇರ್ ಝಾಕ್', ಅಂದರೆ 'ಸಹೋದರ ಯಾಕೋಬ'. ಫ್ರೆಂಚಿನಿಂದ ಇಂಗ್ಲಿಷಿಗೆ ಬರುವಾಗ ಇದು ಹೆಸರನ್ನು ಮಾತ್ರ ಬದಲಿಸಿಕೊಳ್ಳಲಿಲ್ಲ, ತನ್ನ ತಿರುಳನ್ನೇ ದಾರಿಯಲ್ಲಿ ಕಳೆದುಕೊಂಡಿತು. ನಮ್ಮ ಮಕ್ಕಳಿಗೆ ದಕ್ಕಿದ್ದು ತಿರುಳಿಲ್ಲದ ಸಿಪ್ಪೆ. ಕಳೆದುಹೋದುದು ಏನು, ಅದನ್ನು ಮರಳಿ ಪಡೆಯಲು ಸಾಧ್ಯವೇ ಎಂಬುದು ಈ ಲೇಖನದ ವಿಚಾರ.

ಮಠದ ಗಂಟೆ

ಫ್ರೆಂಚ್ ಹಾಡಿನ ಸಹೋದರನು ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನಲ್ಲ. ಅವನು ಮಠವಾಸಿಯಾದ ಸನ್ಯಾಸಿ. ಹಾಡು ಅವನನ್ನು ನಿದ್ರೆಯಲ್ಲಿರುವಿರಾ ಎಂದು ಕೇಳುತ್ತದೆ. ಬಳಿಕ ಜಾವದ ಪ್ರಾರ್ಥನೆಯ ಗಂಟೆಯನ್ನು ಬಾರಿಸುವಂತೆ ಹೇಳುತ್ತದೆ. ಅಂದರೆ ಗಂಟೆ ಇನ್ನೂ ಬಾರಿಸಿಲ್ಲ. ಬಾರಿಸಬೇಕಾದವನು ಅವನೇ. ಅವನು ಏಳದಿದ್ದರೆ ಮಠದಲ್ಲಿ ಯಾರೂ ಏಳುವುದಿಲ್ಲ.

ಈ ಸಂಗತಿಯ ಗಾಂಭೀರ್ಯ ತಿಳಿಯಬೇಕಾದರೆ ಮಠದ ದಿನಚರಿಯನ್ನು ಅರಿಯಬೇಕು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮಾವಳಿ ಪಾಶ್ಚಾತ್ಯ ಸನ್ಯಾಸಜೀವನಕ್ಕೆ ಅಡಿಪಾಯ. ಬೆಳಕು ಹರಿಯುವ ಮುನ್ನವೇ ಎದ್ದು ಕೀರ್ತನೆಗಳನ್ನು ಹಾಡುವುದು ಆ ಜೀವನದ ಮೊದಲ ಕಾಯಕ. ಪ್ರಾರ್ಥನೆಯ ಹೊತ್ತನ್ನು ಸಾರುವ ಹೊಣೆ ಮಠಾಧಿಪತಿಯದು. ಅವರೇ ಸಾರಬೇಕು, ಇಲ್ಲವೇ ಎಚ್ಚರಿಕೆಯುಳ್ಳ ಸಹೋದರನೊಬ್ಬನಿಗೆ ಅದನ್ನು ವಹಿಸಬೇಕು ಎಂದು ನಿಯಮಾವಳಿಯ 47ನೆಯ ಅಧ್ಯಾಯ ವಿಧಿಸುತ್ತದೆ. ಭಾನುವಾರ ಏಳುವುದು ತಡವಾದರೆ ವಾಚನಗಳನ್ನು ಮೊಟಕುಗೊಳಿಸಬೇಕು. ಯಾರ ಅಲಕ್ಷ್ಯದಿಂದ ಹಾಗಾಯಿತೋ ಅವನು ಪ್ರಾರ್ಥನಾಲಯದಲ್ಲಿ ದೇವರಿಗೆ ತಕ್ಕ ಪ್ರಾಯಶ್ಚಿತ್ತ ಸಲ್ಲಿಸಬೇಕು ಎಂದು 11ನೆಯ ಅಧ್ಯಾಯ ಹೇಳುತ್ತದೆ. ಆದರೆ ಅದೇ ಸಂತರು 22ನೆಯ ಅಧ್ಯಾಯದಲ್ಲಿ ಮೃದುವಾದ ಮಾತೊಂದನ್ನೂ ಸೇರಿಸಿದ್ದಾರೆ. ಏಳುವ ಹೊತ್ತಿನಲ್ಲಿ ಸಹೋದರರು ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಬೇಕು. ಏಕೆಂದರೆ ನಿದ್ದೆಗಣ್ಣಿನವರಿಗೆ ನೆಪಗಳು ಬಹಳ. ಹಾಡಿನ ಮೊದಲ ಪ್ರಶ್ನೆ ಈ ಮೃದುವಾದ ಹುರಿದುಂಬಿಕೆಗೆ ಬಹಳ ಹತ್ತಿರವಾಗಿದೆ.

ಫ್ರೆಂಚ್ ಹಾಡಿನ ವ್ಯಾಕರಣದಲ್ಲಿಯೂ ಈ ಸೌಜನ್ಯವಿದೆ. ಆ ಭಾಷೆಯಲ್ಲಿ ಕನ್ನಡದಂತೆಯೇ 'ನೀನು' ಬೇರೆ, 'ನೀವು' ಬೇರೆ. ಹಾಡು ಮಲಗಿರುವವನನ್ನು ಮರ್ಯಾದೆಯ ಬಹುವಚನದಿಂದಲೇ ಕರೆಯುತ್ತದೆ. ಕರ್ತವ್ಯ ಮರೆತು ಗೊರಕೆ ಹೊಡೆಯುತ್ತಿರುವವನಿಗೂ ಅವನ ಪದವಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ನಗೆಯಿದೆ, ನಿಂದೆಯಿಲ್ಲ. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲದ್ದರಿಂದ ಅದು ಅಲ್ಲಿ ಉಳಿಯಲಾರದು. ಕನ್ನಡದಲ್ಲಿ ಮಾತ್ರ ಸುಲಭವಾಗಿ ಉಳಿಯಬಲ್ಲದು.

ಈ ಸಹೋದರ ಯಾಕೋಬ ಯಾರು? ಊಹೆಗಳು ಹಲವು. ಪ್ಯಾರಿಸ್ಸಿನಲ್ಲಿ ಸಂತ ಯಾಕೋಬರ ಹೆಸರಿನ ಮಠದಲ್ಲಿ ನೆಲೆಸಿದ್ದ ಕಾರಣ ಡೊಮಿನಿಕನ್ ಸಭೆಯವರಿಗೆ ಫ್ರಾನ್ಸಿನಲ್ಲಿ 'ಜಾಕೊಬಿನ್' ಎಂಬ ಅಡ್ಡಹೆಸರಿತ್ತು; ಆದ್ದರಿಂದ ಹಾಡು ಅವರ ಸುಖಜೀವನವನ್ನು ಅಣಕಿಸಲು ಹುಟ್ಟಿತು ಎನ್ನುವವರಿದ್ದಾರೆ. ಇನ್ನು ಕೆಲವರು ಒಬ್ಬ ವೀರಯೋಧನನ್ನೋ ಶಸ್ತ್ರವೈದ್ಯನನ್ನೋ ಇದರಲ್ಲಿ ಕಾಣುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಗಟ್ಟಿಯಾದ ಆಧಾರವಿಲ್ಲ. ಖಚಿತವಾಗಿ ತಿಳಿದಿರುವುದು ಇಷ್ಟು: ಇದರ ರಾಗವು ಸುಮಾರು 1780ರ ಒಂದು ಹಸ್ತಪ್ರತಿಯಲ್ಲಿ ಬೇರೊಂದು ಹೆಸರಿನಿಂದ ದೊರೆಯುತ್ತದೆ, 1811ರಲ್ಲಿ ಪ್ಯಾರಿಸ್ಸಿನ ಒಂದು ರಾಗಸಂಗ್ರಹದಲ್ಲಿ ಅಚ್ಚಾಯಿತು. ಇದರ ಸ್ವರರಚನೆ ಪ್ರಸಿದ್ಧ ಸಂಗೀತಕಾರ ರಾಮೋ (1683–1764) ಅವರದೆಂದು ಫ್ರಾನ್ಸಿನ ಸಂಗೀತ ಸಂಶೋಧಕಿ ಸಿಲ್ವಿ ಬೂಯಿಸ್ಸೂ 2014ರಲ್ಲಿ ಹಸ್ತಪ್ರತಿಯ ಆಧಾರದಿಂದ ಪ್ರತಿಪಾದಿಸಿದರು.

ಈ ಎರಡು ಇಸವಿಗಳ ನಡುವೆ ಫ್ರಾನ್ಸಿನಲ್ಲಿ ಏನು ನಡೆಯಿತೆಂಬುದನ್ನು ನೆನೆದರೆ ಹಾಡಿಗೆ ಬೇರೆಯೇ ಒಂದು ಆಳ ಬರುತ್ತದೆ. 1789ರಲ್ಲಿ ಮಹಾಕ್ರಾಂತಿ. 1790ರ ಫೆಬ್ರವರಿಯಲ್ಲಿ ಸನ್ಯಾಸ ವ್ರತಗಳಿಗಿದ್ದ ಮಾನ್ಯತೆ ರದ್ದಾಗಿ ಮಠಗಳು ಮುಚ್ಚತೊಡಗಿದವು. ಮುಂದಿನ ವರ್ಷಗಳಲ್ಲಿ ಸಾವಿರಾರು ದೇವಾಲಯಗಳ ಗಂಟೆಗಳನ್ನು ಕೆಳಗಿಳಿಸಿ ಕರಗಿಸಿ ನಾಣ್ಯ ಮತ್ತು ಫಿರಂಗಿಗಳಿಗೆ ಬಳಸಿದರು. ಹಾಡು ಅಚ್ಚಾಗುವ ಹೊತ್ತಿಗೆ ಜಾವದ ಗಂಟೆಯನ್ನು ಬಾರಿಸುವ ಮಠಗಳೇ ಆ ನಾಡಿನಲ್ಲಿ ವಿರಳವಾಗಿದ್ದವು. ನಿಜವಾದ ಗಂಟೆಗಳು ಮೌನವಾದಾಗ ಮಕ್ಕಳ ಬಾಯಲ್ಲಿ ಒಂದು ಗಂಟೆ ಉಳಿದುಕೊಂಡಿತು. ಧರ್ಮಸಭೆಯನ್ನು ಅಣಕಿಸಲು ಹುಟ್ಟಿದ್ದಾದರೂ ಸರಿ, ಅದರ ನೆನಪನ್ನು ಹೊತ್ತು ತಂದದ್ದು ಅದೇ ಅಣಕ.

ಅನುವಾದದಲ್ಲಿ ಕಳೆದ ಹೊಣೆ

ಇಂಗ್ಲಿಷ್ ಹಾಡನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡೋಣ. ಅಲ್ಲಿ ಗಂಟೆಗಳು ಆಗಲೇ ಬಾರಿಸುತ್ತಿವೆ. ಯಾರು ಬಾರಿಸಿದರು? ತಿಳಿಯದು. ಜಾನ್ ಎಂಬವನು ಮಠವಾಸಿಯೋ ಮನೆಯ ಮಗನೋ ಅದೂ ತಿಳಿಯದು. ಅವನು ಸುಮ್ಮನೆ ತಡವಾಗಿ ಏಳುವ ಒಬ್ಬ ಸೋಮಾರಿ. ಅವನು ಮಲಗಿದ್ದರಿಂದ ಯಾರಿಗೂ ನಷ್ಟವಿಲ್ಲ. ಎದ್ದರೆ ಯಾರಿಗೂ ಲಾಭವಿಲ್ಲ. ಜಾವದ ಪ್ರಾರ್ಥನೆ ಎಂಬ ಪದವೇ ಮಾಯವಾಗಿ ಅದರ ಜಾಗದಲ್ಲಿ ಬರೀ 'ಬೆಳಗು' ನಿಂತಿದೆ.

ಇದು ಸಣ್ಣ ವ್ಯತ್ಯಾಸವೆಂದು ತೋರಬಹುದು. ಆದರೆ ಎರಡು ಹಾಡುಗಳು ಎರಡು ಬಗೆಯ ಮನುಷ್ಯರನ್ನು ಕಲ್ಪಿಸುತ್ತವೆ. ಒಂದರಲ್ಲಿ ಮನುಷ್ಯನು ಇತರರ ಎಚ್ಚರಕ್ಕೆ ಹೊಣೆಗಾರ. ಅವನ ನಿದ್ರೆ ಸಮುದಾಯದ ನಿದ್ರೆ. ಇನ್ನೊಂದರಲ್ಲಿ ಅವನು ತನ್ನಷ್ಟಕ್ಕೆ ತಾನಿರುವ ಒಬ್ಬ ವ್ಯಕ್ತಿ. ಜಗತ್ತಿನ ಗಂಟೆ ಅವನಿಗಾಗಿ ಯಾರೋ ಬಾರಿಸುತ್ತಾರೆ, ಅವನು ಎದ್ದು ಶಾಲೆಗೋ ಕಚೇರಿಗೋ ಹೊರಟರೆ ಸಾಕು. ಮೊದಲನೆಯದು ಕೇಳುವುದು: ನೀವು ಏಳದಿದ್ದರೆ ನಮ್ಮನ್ನು ಎಬ್ಬಿಸುವವರು ಯಾರು? ಎರಡನೆಯದು ಕೇಳುವುದು: ಇನ್ನೂ ಮಲಗಿದ್ದೀಯಾ? ಮೊದಲನೆಯದು ಕರೆ, ಎರಡನೆಯದು ಗದರಿಕೆ. ನಮ್ಮ ಮಕ್ಕಳು ಕಲಿಯುತ್ತಿರುವುದು ಎರಡನೆಯದನ್ನು.

ಹೆಸರಿನ ಬದಲಾವಣೆಯಲ್ಲಿ ಮಾತ್ರ ಒಂದು ಆಕಸ್ಮಿಕ ಸೊಗಸಿದೆ. ಫ್ರೆಂಚರು ಯಾಕೋಬ ಎಂದರು, ಇಂಗ್ಲಿಷರು ಯೊವಾನ್ನ ಎಂದರು. ಗೆತ್ಸೆಮನಿಯ ತೋಪಿನಲ್ಲಿ ಆ ರಾತ್ರಿ ಯೇಸುಸ್ವಾಮಿ ತಮ್ಮೊಡನೆ ಎಚ್ಚರವಾಗಿರಲು ಕರೆದೊಯ್ದ ಮೂವರಲ್ಲಿ ಇಬ್ಬರು ಜೆಬೆದಾಯನ ಮಕ್ಕಳಾದ ಈ ಯಾಕೋಬ ಮತ್ತು ಯೊವಾನ್ನರೇ ಅಲ್ಲವೇ? ಮೂರನೆಯವನು ಪೇತ್ರ. ಮೂವರೂ ಮಲಗಿದರು. ಒಂದು ಗಂಟೆ ಹೊತ್ತು ಎಚ್ಚರವಾಗಿರಲು ಆಗಲಿಲ್ಲವೇ ಎಂದು ಪ್ರಭು ಕೇಳಿದ್ದು ಇಂಥವರನ್ನೇ. ಹಾಡು ಕಟ್ಟಿದವರ ಮನಸ್ಸಿನಲ್ಲಿ ಗೆತ್ಸೆಮನಿ ಇತ್ತೆಂದು ಹೇಳುವುದು ಅತಿಯಾದೀತು. ಆದರೆ ಶುಭಸಂದೇಶವನ್ನು ಬಲ್ಲ ಕುಟುಂಬ ಈ ಹಾಡನ್ನು ಹಾಡುವಾಗ ಆ ತೋಪು ನೆನಪಾಗದಿರಲು ಸಾಧ್ಯವಿಲ್ಲ. ಮಲಗಿದವರು ಯಾರೋ ದಾರಿಹೋಕರಲ್ಲ, ಧರ್ಮಸಭೆಯ ಆಧಾರಸ್ತಂಭಗಳಾಗಬೇಕಿದ್ದವರು. ಪ್ರಭು ಅವರನ್ನು ತಳ್ಳಿಬಿಡಲಿಲ್ಲ. ಮತ್ತೆ ಮತ್ತೆ ಬಂದು ಎಬ್ಬಿಸಿದರು.

ಫ್ರೆಂಚ್ ಗುರುಗಳ ನಾಡಿನಲ್ಲಿ

ಈ ಹಾಡು ನಮಗೆ ಇಂಗ್ಲಿಷಿನ ಮೂಲಕ ಬಂದದ್ದರಲ್ಲಿ ಒಂದು ವಿಚಿತ್ರವಿದೆ. ಮೈಸೂರು ಸೀಮೆಯ ಕಥೋಲಿಕರಿಗೆ ಫ್ರಾನ್ಸ್ ಅಪರಿಚಿತ ನಾಡಲ್ಲ. ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ಫ್ರೆಂಚ್ ಯೇಸುಸಭೆಯ ಗುರುಗಳು ಚಿಕ್ಕಬಳ್ಳಾಪುರದ ಸೀಮೆಗೆ ಬಂದಿದ್ದರು. ಅಲ್ಲಿಂದ ಅವರು ಬರೆದ ಪತ್ರಗಳು ಫ್ರಾನ್ಸಿನಲ್ಲಿ ಅಚ್ಚಾಗಿವೆ. ಬಳಿಕ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಗುರುಗಳು ಬಂದರು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾದಾಗ ಅದರ ಮೊದಲ ಮುಖ್ಯಸ್ಥರು ಬಿಷಪ್ ಶಾರ್ಬೊನೋ. 1854ರಲ್ಲಿ ಆಂಜೆ ನಗರದ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದರು. 1882ರಲ್ಲಿ ಸಂತ ಜೋಸೆಫರ ಕಾಲೇಜನ್ನು ಆರಂಭಿಸಿದವರೂ ಫ್ರೆಂಚ್ ಗುರುಗಳೇ. ಅದು ಯೇಸುಸಭೆಯ ಕೈಗೆ ಬಂದದ್ದು 1937ರಲ್ಲಿ.

ಈ ಗುರುಗಳು ಇಲ್ಲಿಗೆ ಬಂದು ಮಾಡಿದ ಮೊದಲ ಕೆಲಸ ನಮ್ಮ ಭಾಷೆಯನ್ನು ಕಲಿತದ್ದು. ಆ ಶ್ರಮದ ಫಲವಾಗಿ ಲ್ಯಾಟಿನ್-ಕನ್ನಡ ನಿಘಂಟೊಂದು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕಿಟ್ಟೆಲರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಆ ಕೆಲಸದ ಬೆಲೆ ತಿಳಿಯುತ್ತದೆ. 1799ರ ನಂತರ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಕ್ರೈಸ್ತರ ನಡುವೆ ದುಡಿದ ಅಬ್ಬೆ ದ್ಯುಬುವಾ ನಮ್ಮವರಂತೆಯೇ ಉಟ್ಟು, ನಮ್ಮವರಂತೆಯೇ ಉಂಡು ಬಾಳಿದವರು. ಅವರು ನಮ್ಮ ಆಚಾರವಿಚಾರಗಳನ್ನು ಕುರಿತು ಫ್ರೆಂಚಿನಲ್ಲಿ ಬರೆದ ಗ್ರಂಥ ಮೊದಲು ಪ್ರಕಟವಾದದ್ದು ಇಂಗ್ಲಿಷ್ ಅನುವಾದದಲ್ಲಿ, 1816ರಲ್ಲಿ. ಫ್ರೆಂಚ್ ಮೂಲ ಬೆಳಕು ಕಂಡದ್ದು 1825ರಲ್ಲಿ. ಗ್ರಂಥಕ್ಕೂ ಹಾಡಿಗೂ ಒಂದೇ ಹಣೆಬರಹ: ಇಂಗ್ಲಿಷಿನ ಬಾಗಿಲನ್ನು ದಾಟಿಯೇ ಬರಬೇಕು. ಗುರುಗಳು ಕನ್ನಡ ಕಲಿಯಲು ಕಣ್ಣು ಸವೆಸಿದರು. ಅವರ ನಾಡಿನ ಹಾಡನ್ನು ನಮ್ಮ ಮಕ್ಕಳು ಮೂರನೆಯ ಭಾಷೆಯೊಂದರಲ್ಲಿ, ಅರ್ಥ ಕೇಳದೆ, ಹಾಡುತ್ತಿದ್ದಾರೆ. ಇಂಗ್ಲಿಷ್ ಕಲಿಯುವುದು ತಪ್ಪಲ್ಲ. ಅರ್ಥವನ್ನು ಕೇಳುವ ಅಭ್ಯಾಸವನ್ನೇ ಬಿಟ್ಟದ್ದು ನಷ್ಟ.

ವಳ್ಳೂರಿನ ಬೆಳಗು

ಈ ಹಾಡು ನಗರದ ಕಾನ್ವೆಂಟುಗಳಿಗಷ್ಟೇ ಸೇರಿದ್ದೆಂದು ತಿಳಿಯಬೇಕಾಗಿಲ್ಲ. ತುಮಕೂರು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಧುಗಿರಿಯನ್ನೂ ದಾಟಿ, ಪಾವಗಡ ತಾಲ್ಲೂಕಿದೆ. ಮೂರು ಕಡೆ ಆಂಧ್ರ. ಒಂದು ಕಡೆ ಮಾತ್ರ ಕರ್ನಾಟಕಕ್ಕೆ ಅಂಟಿಕೊಂಡ ಸೀಮೆ. ಅಲ್ಲಿನ ಬಹಳಷ್ಟು ಮಕ್ಕಳಿಗೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊದಲಾಗಿ ರಾಜ್ಯಕ್ಕೆಲ್ಲ ಹರಡಿದ 'ನಲಿ ಕಲಿ' ಪದ್ಧತಿಯಿಂದ ಸರ್ಕಾರಿ ಶಾಲೆಯ ಮಗು ಹಾಡಿನ ಮೂಲಕವೇ ಅಕ್ಷರ ಕಲಿಯುತ್ತದೆ. 2019ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ಆರಂಭವಾಗಿವೆ. ಇಂಗ್ಲಿಷ್ ಶಿಶುಗೀತೆ ಈಗ ಮೊಬೈಲಿನಲ್ಲಿ ಹಳ್ಳಿಯ ಜಗಲಿಗೂ ತಲುಪಿದೆ. ಮೂರು ಭಾಷೆಗಳ ನಡುವೆ ನಿಂತ ಮಗುವಿಗೆ ಏಳು ಎಂಬ ಮಾತು ಯಾವ ಭಾಷೆಯಲ್ಲಿ ಕೇಳಿಸಬೇಕು?

ಪಾವಗಡದ ನಾಗಲಮಡಿಕೆ ಹೋಬಳಿಯ ವಳ್ಳೂರನ್ನು ಈ ಪ್ರಶ್ನೆಗೆ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ ಇಂದು ಸೌರ ವಿದ್ಯುತ್ ಉದ್ಯಾನ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದರ ಸಾಮರ್ಥ್ಯ 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಮುಟ್ಟಿತು. ನೆಲವನ್ನು ಕೊಂಡುಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ; ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಯಿತು. ಬರ ಬಿದ್ದು ಬಿದ್ದು ಸೋತಿದ್ದ ಕಡಲೆಕಾಯಿ ಬೆಳೆಗಾರನಿಗೆ ಅದು ಆಸರೆಯೇ. ಆದರೆ ಜಮೀನಿಲ್ಲದೆ ಬೇರೆಯವರ ಹೊಲದ ಕೂಲಿಯನ್ನೇ ನಂಬಿದ್ದವರಿಗೆ ಗುತ್ತಿಗೆಯ ಹಣವೂ ಇಲ್ಲ, ಕಳೆ ತೆಗೆಯುವ ಕೆಲಸವೂ ಇಲ್ಲ.

ಶಿಶುಗೀತೆಗೂ ಸೌರಫಲಕಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ಹೊಲವಿದ್ದಾಗ ಹೊಲವೇ ಗಂಟೆಯಾಗಿತ್ತು. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಏಳುವುದಕ್ಕೆ ಕಾರಣವನ್ನು ಯಾರೂ ಕೇಳುತ್ತಿರಲಿಲ್ಲ. ದನಕ್ಕೆ ಮೇವು, ಬಿತ್ತನೆಗೆ ಹದ, ಕುಯ್ಲಿಗೆ ಆಳು, ಎಲ್ಲವೂ ಮನುಷ್ಯನನ್ನು ಕೂಗಿ ಕರೆಯುತ್ತಿದ್ದವು. ಈಗ ಸೂರ್ಯ ಮೂಡಿದೊಡನೆ ಫಲಕಗಳು ತಾವಾಗಿಯೇ ದುಡಿಯತೊಡಗುತ್ತವೆ. ಅವನ್ನು ಎಬ್ಬಿಸುವವರು ಬೇಕಿಲ್ಲ. ಬೆಳಕು ಕೋಟ್ಯಂತರ ಮನೆಗಳಿಗೆ ಹರಿಯುತ್ತದೆ. ಆದರೆ ಕೆಲಸ ಕಳೆದುಕೊಂಡ ಮನೆಯಲ್ಲಿ ಮಗು ಏತಕ್ಕೆ ಏಳಬೇಕೆಂದು ಕೇಳಿದರೆ ಏನು ಹೇಳುವುದು? ಎಚ್ಚರ ಎಂಬುದು ಕಣ್ಣು ತೆರೆಯುವುದಷ್ಟೇ ಅಲ್ಲ. ಯಾವುದಕ್ಕಾಗಿ ಎಂಬ ಉತ್ತರ ಇರುವಾಗ ಮಾತ್ರ ಅದು ಎಚ್ಚರ. ಫ್ರೆಂಚ್ ಹಾಡಿನಲ್ಲಿ ಆ ಉತ್ತರವಿತ್ತು: ಪ್ರಾರ್ಥನೆಗಾಗಿ, ಎಲ್ಲರಿಗಾಗಿ. ಇಂಗ್ಲಿಷ್ ಹಾಡಿನಲ್ಲಿ ಅದು ಬಿದ್ದುಹೋಯಿತು. ಆದ್ದರಿಂದ ವಳ್ಳೂರಿನಂಥ ಊರಿನ ಮಗುವಿಗೆ ಬೇಕಾಗಿರುವುದು ಮೊದಲನೆಯ ಹಾಡೇ ಹೊರತು ಎರಡನೆಯದಲ್ಲ.

ನಮ್ಮ ಎಬ್ಬಿಸುವ ಹಾಡುಗಳು

ಎಬ್ಬಿಸುವ ಹಾಡು ನಮ್ಮ ನಾಡಿಗೆ ಹೊಸದಲ್ಲ. ಮುಂಜಾವದಲ್ಲಿ ಊರೂರಿನ ಗುಡಿಗಳಿಂದ ಕೇಳಿಬರುವ ಸುಪ್ರಭಾತದ ಮೊದಲ ಶ್ಲೋಕ ಮೂಲತಃ ವಾಲ್ಮೀಕಿ ರಾಮಾಯಣದ ಬಾಲಕಾಂಡದ್ದು. ಅಲ್ಲಿ ವಿಶ್ವಾಮಿತ್ರರು ಮಲಗಿದ್ದ ಬಾಲಕ ರಾಮನನ್ನು ಎಬ್ಬಿಸುತ್ತಾರೆ. ಬೆಳಗಿನ ದೈವಕಾರ್ಯ ಕಾದಿದೆ ಎಂದು ನೆನಪಿಸುತ್ತಾರೆ. ಗುರುವು ಶಿಷ್ಯನನ್ನು ಎಬ್ಬಿಸಿದ ಮಾತು ಮುಂದೆ ಭಕ್ತರು ದೇವರನ್ನು ಎಬ್ಬಿಸುವ ಮಾತಾಯಿತು. ನಮ್ಮ ದಾಸರ ಉದಯರಾಗದ ಪದಗಳೂ ದೇವರನ್ನು ಎಬ್ಬಿಸುತ್ತವೆ. ಕ್ರೈಸ್ತರಿಗೆ ಇದು ವಿಚಿತ್ರವೆನಿಸಬಾರದು. ಇಸ್ರಯೇಲನ್ನು ಕಾಯುವಾತ ತೂಕಡಿಸುವುದಿಲ್ಲ ಎಂದು ಕೀರ್ತನೆಗಾರ ನಂಬಿದ್ದನು, ನಿಜ. ಆದರೆ ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ಮಲಗಿದ್ದ ಯೇಸುವನ್ನು ಶಿಷ್ಯರು ಎಬ್ಬಿಸಿದರಲ್ಲವೇ? ಎಬ್ಬಿಸುವುದೂ ಒಂದು ಬಗೆಯ ಪ್ರಾರ್ಥನೆಯೇ.

ಮಕ್ಕಳ ಕವಿ ಪಂಜೆ ಮಂಗೇಶರಾಯರು (1874–1937) ಉದಯವನ್ನು ಕುರಿತು ಬರೆದ ಪದ್ಯವನ್ನು ಎರಡು ಮೂರು ತಲೆಮಾರಿನ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಅಲ್ಲಿ ಮನುಷ್ಯರ ಗಂಟೆಯಿಲ್ಲ. ಸೂರ್ಯನ ಬರವೇ ಎಚ್ಚರದ ಸಂಭ್ರಮ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಸಂಗ್ರಹದಿಂದ ನಾಡಿಗೆಲ್ಲ ಪರಿಚಿತವಾದ ಬೀಸುವ ಪದಗಳ ಲೋಕ ಇನ್ನೂ ಆಳವಾದದ್ದು. ಊರು ಮಲಗಿರುವಾಗ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಕಲ್ಲಿನ ಸದ್ದಿಗೆ ತನ್ನ ದನಿ ಸೇರಿಸಿ ಹಾಡಿದ ಪದಗಳವು. ಮನೆಮಂದಿಗೆ ಎಚ್ಚರವಾಗುತ್ತಿದ್ದುದು ಆ ಸದ್ದಿಗೆ. ಅವಳೇ ಆ ಮನೆಯ ಗಂಟೆ ಬಾರಿಸುವ ಸಹೋದರಿ.

ಇಲ್ಲಿ ಎರಡು ಸಂಸ್ಕೃತಿಗಳ ನಡುವೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಫ್ರೆಂಚ್ ಹಾಡಿನಲ್ಲಿ ಎಬ್ಬಿಸುವವನು ಮಲಗುತ್ತಾನೆ, ಜನ ನಗುತ್ತಾರೆ. ನಮ್ಮ ಹಾಡುಗಳಲ್ಲಿ ಎಬ್ಬಿಸುವವಳು ಮಲಗುವುದೇ ಇಲ್ಲ. ತಾಯಿ ಯಾವಾಗ ಮಲಗಿದಳು, ಯಾವಾಗ ಎದ್ದಳು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇದನ್ನು ನಾವು ಹೊಗಳುತ್ತೇವೆ. ಹೊಗಳುವುದು ಸುಲಭ, ಏಕೆಂದರೆ ಹೊಗಳಿದರೆ ಅವಳ ಭಾರ ಹಂಚಿಕೊಳ್ಳಬೇಕಾಗಿಲ್ಲ. ಸಂತ ಬೆನೆಡಿಕ್ಟರು ಏಳುವ ಹೊತ್ತಿನ ಹುರಿದುಂಬಿಕೆಯನ್ನು ಎಲ್ಲ ಸಹೋದರರಿಗೂ ಹಂಚಿದರು. ನಮ್ಮ ಕುಟುಂಬಗಳಲ್ಲಿ ಅಡುಗೆ, ಶಾಲೆ, ಜಪಸರ, ಧರ್ಮೋಪದೇಶ, ಭಾನುವಾರದ ಬಲಿಪೂಜೆಗೆ ಹೊರಡಿಸುವುದು, ಇವೆಲ್ಲದರ ಗಂಟೆಯ ಹಗ್ಗ ತಾಯಿಯೊಬ್ಬಳ ಕೈಯಲ್ಲೇ ಇದೆ. ತಂದೆಯಾದವರು ಫ್ರೆಂಚ್ ಹಾಡಿನ ಪ್ರಶ್ನೆ ತಮ್ಮನ್ನು ಕುರಿತದ್ದೆಂದು ಭಾವಿಸಿದರೆ ಅನುಚಿತವಾಗದು.

ಹಲವು ದನಿ, ಒಂದು ಹಾಡು

ಈ ಹಾಡಿನ ಇನ್ನೊಂದು ಗುಣ ಅದನ್ನು ಹಾಡುವ ಕ್ರಮದಲ್ಲಿದೆ. ಒಂದು ಗುಂಪು ಹಾಡತೊಡಗುತ್ತದೆ; ಅದು ಎರಡನೆಯ ಸಾಲಿಗೆ ಬಂದಾಗ ಇನ್ನೊಂದು ಗುಂಪು ಮೊದಲನೆಯ ಸಾಲಿನಿಂದ ಆರಂಭಿಸುತ್ತದೆ; ಹೀಗೆಯೇ ಮೂರನೆಯದು, ನಾಲ್ಕನೆಯದು. ಎಲ್ಲರೂ ಬೇರೆ ಬೇರೆ ಸಾಲಿನಲ್ಲಿರುತ್ತಾರೆ, ಆದರೂ ಅಪಸ್ವರವಿಲ್ಲ. ನಮ್ಮ ಸೋಬಾನೆ ಮತ್ತು ಭಜನೆಗಳಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಮೇಳ ಹಿಂಬಾಲಿಸುತ್ತದೆ. ಹೇಳುವುದು ಮುಗಿಯುವ ತನಕ ಮೇಳ ಕಾಯುತ್ತದೆ. ಇಲ್ಲಿ ಕಾಯುವುದಿಲ್ಲ. ಒಬ್ಬನು ಏಳುವ ಮುನ್ನ ಇನ್ನೊಬ್ಬನು ಕರೆಯತೊಡಗಿರುತ್ತಾನೆ; ಕೊನೆಗೆ ಒಬ್ಬರು ಗಂಟೆಯ ನಾದದಲ್ಲಿರುವಾಗ ಮತ್ತೊಬ್ಬರು ಇನ್ನೂ ಮಲಗಿದವನ ಹೆಸರು ಹಿಡಿದು ಕೂಗುತ್ತಿರುತ್ತಾರೆ. ಧರ್ಮಕೇಂದ್ರದ ಜೀವನಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ದೊರೆಯುವುದು ಕಷ್ಟ. ಯಾರೂ ಒಂದೇ ಹೊತ್ತಿಗೆ ಎಚ್ಚರಗೊಳ್ಳುವುದಿಲ್ಲ. ಹಿಂದೆ ಬಂದವನು ತಪ್ಪಿದವನಲ್ಲ, ಅವನ ಸರದಿ ಅದು.

ರಾಗಗಳಿಗೆ ಗಡಿಯಿಲ್ಲ. 1920ರ ದಶಕದಲ್ಲಿ ಚೀನಾದ ಕ್ರಾಂತಿಕಾರಿಗಳು ಇದೇ ರಾಗಕ್ಕೆ ವಿದೇಶೀ ಶಕ್ತಿಗಳನ್ನು ಕೆಡವುವ ಮಾತುಗಳನ್ನು ಕೂಡಿಸಿದರು. ಇಂದು ಅಲ್ಲಿನ ಮಕ್ಕಳು ಅದೇ ರಾಗದಲ್ಲಿ ಎರಡು ಹುಲಿಗಳ ಹಾಡು ಹಾಡುತ್ತಾರೆ. ಆಸ್ಟ್ರಿಯಾದ ಸಂಗೀತಕಾರ ಮಾಲರ್ 1889ರಲ್ಲಿ ಬುಡಾಪೆಸ್ಟಿನಲ್ಲಿ ಮೊದಲು ಕೇಳಿಸಿದ ತಮ್ಮ ಮೊದಲ ಸಿಂಫನಿಯಲ್ಲಿ ಇದನ್ನು ನಿಧಾನಗೊಳಿಸಿ, ಶೋಕಸ್ವರಕ್ಕೆ ಇಳಿಸಿ, ಶವಯಾತ್ರೆಯ ನಡೆಯನ್ನಾಗಿಸಿದರು. ಕೇಳಿದವರ ಎದೆ ಜುಂ ಎನ್ನುತ್ತದೆ: ಮಲಗಿದವನು ಏಳದೇ ಹೋದರೆ?

ಆ ಪ್ರಶ್ನೆಗೆ ಕ್ರೈಸ್ತ ವಿಶ್ವಾಸದಲ್ಲಿ ಉತ್ತರವಿದೆ. ಲಾಜರನು ಮಲಗಿದ್ದಾನೆ, ಎಬ್ಬಿಸಲು ಹೋಗುತ್ತೇನೆ ಎಂದು ಪ್ರಭು ಹೇಳಿದ್ದನ್ನು ಸಂತ ಯೊವಾನ್ನರು ಬರೆದಿಟ್ಟಿದ್ದಾರೆ. ಯಾಯೀರನ ಮಗಳ ಪ್ರಸಂಗ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಎಬ್ಬಿಸಿದ್ದು ಹನ್ನೆರಡು ವರ್ಷದ ಮಗುವನ್ನು. ಮಗು ಸತ್ತಿಲ್ಲ, ಮಲಗಿದೆ ಎಂದಾಗ ಜನ ನಕ್ಕರು. ಪ್ರಭು ಅವಳ ಕೈಹಿಡಿದು ಎರಡೇ ಮಾತಿನಲ್ಲಿ ಎಬ್ಬಿಸಿದರು. ಸಂತ ಮಾರ್ಕರು ತಮ್ಮ ಶುಭಸಂದೇಶವನ್ನು ಗ್ರೀಕಿನಲ್ಲಿ ಬರೆದರೂ ಆ ಎರಡು ಮಾತುಗಳನ್ನು ಅರಮಾಯಿಕ್ ಭಾಷೆಯಲ್ಲಿ ಇದ್ದಂತೆಯೇ ಉಳಿಸಿ, ಪಕ್ಕದಲ್ಲಿ ಅರ್ಥ ಕೊಟ್ಟಿದ್ದಾರೆ. ಮಗುವನ್ನು ಎಬ್ಬಿಸಿದ್ದು ಅದರ ತಾಯಿ ಆಡುತ್ತಿದ್ದ ಭಾಷೆ. ಅದನ್ನು ಅನುವಾದದಲ್ಲಿ ಕಳೆಯಲು ಸುವಾರ್ತಾಕರ್ತರಿಗೆ ಮನಸ್ಸು ಬರಲಿಲ್ಲ. ಎಚ್ಚರದ ಮಾತು ಯಾವ ಭಾಷೆಯಲ್ಲಿ ಕೇಳಿಸಬೇಕು ಎಂಬ ಪ್ರಶ್ನೆಗೆ ಇದಕ್ಕ���ಂತ ಸ್ಪಷ್ಟವಾದ ಉತ್ತರ ಬೇಕೆ? ಕೊನೆಗೆ ಅವಳಿಗೆ ಊಟ ಕೊಡಿ ಎಂದೂ ಪ್ರಭು ಹೇಳಿದರು. ಎಬ್ಬಿಸಿದವನ ಹೊಣೆ ಎಬ್ಬಿಸಿದಲ್ಲಿಗೆ ಮುಗಿಯುವುದಿಲ್ಲ.

ಹಾಗಾದರೆ ನಾವು ಈ ಹಾಡನ್ನು ಬಿಡಬೇಕೆ? ಬೇಡ. ಮೂಲದ ಅರ್ಥದೊಡನೆ ಕನ್ನಡಕ್ಕೆ ತರಬೇಕು. ತರುವವರು ಮೂರು ಸಂಗತಿಗಳನ್ನು ಉಳಿಸಿಕೊಂಡರೆ ಸಾಕು. ಒಂದು, ಗಂಟೆ ಬಾರಿಸುವ ಹೊಣೆ ಮಲಗಿದವನದೇ ಆಗಿರಲಿ. ಎರಡು, ಏಳುವುದು ಪ್ರಾರ್ಥನೆಗಾಗಿ ಎಂಬ ಮಾತು ಬಿಟ್ಟುಹೋಗದಿರಲಿ. ಮೂರು, ಕರೆಯುವಾಗ ಬಹುವಚನದ ಮರ್ಯಾದೆಯಿರಲಿ. 'ಸಹೋದರ' ಎಂಬ ಪದ ರಾಗಕ್ಕೆ ಭಾರವೆನಿಸಿದರೆ 'ಅಣ್ಣ' ಇದೆ. ಪಾವಗಡದ ಕಡೆಯ ಮಗು ತೆಲುಗಿನಲ್ಲಿ 'ಅನ್ನ' ಎಂದರೂ ಕನ್ನಡದಲ್ಲಿ 'ಅಣ್ಣ' ಎಂದರೂ ಕರೆಯುವ ಅಕ್ಕರೆ ಒಂದೇ. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ನಾಲ್ಕು ಗುಂಪುಗಳಾಗಿ ಮಕ್ಕಳು ಇದನ್ನು ಹಾಡಲಿ. ಹಾಡಿದ ಮೇಲೆ ಆ ಅಣ್ಣ ಯಾರು, ಅವನು ಏಳದಿದ್ದರೆ ಏನಾಗುತ್ತದೆ ಎಂದು ಯಾರಾದರೂ ಕೇಳಲಿ.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಸುಧಾರಣೆಯಲ್ಲಿ ಆ ಹಳೆಯ ಜಾವದ ಪ್ರಾರ್ಥನೆ ದಿನದ ಯಾವ ಹೊತ್ತಿನಲ್ಲಾದರೂ ಸಲ್ಲಿಸಬಹುದಾದ ವಾಚನಪ್ರಾರ್ಥನೆಯಾಯಿತು. ಹೊತ್ತು ಸಡಿಲವಾಯಿತು, ಹೊಣೆ ಸಡಿಲವಾಗಲಿಲ್ಲ. ಗುರುಗಳಿಗೆ, ಕನ್ಯಾಸ್ತ್ರೀಯರಿಗೆ, ಉಪದೇಶಿಗಳಿಗೆ, ಶಿಕ್ಷಕರಿಗೆ, ಬರಹಗಾರರಿಗೆ, ಎಲ್ಲಕ್ಕಿಂತ ಮೊದಲು ಹೆತ್ತವರಿಗೆ ಒಂದೊಂದು ಗಂಟೆಯ ಹಗ್ಗ ವಹಿಸಲ್ಪಟ್ಟಿದೆ. ನಮ್ಮ ಸುತ್ತ ಯಾರೂ ಏಳುತ್ತಿಲ್ಲ, ಕಾಲ ಕೆಟ್ಟಿದೆ, ಯುವಜನರು ದೇವಾಲಯಕ್ಕೆ ಬರುತ್ತಿಲ್ಲ ಎಂದು ಹಲುಬುವ ಮುನ್ನ, ಆ ಹಗ್ಗ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳೋಣ. ಮಗುವೊಂದು ನಗುನಗುತ್ತ ಮರ್ಯಾದೆಯಿಂದಲೇ ಕೇಳುತ್ತಿದೆ. ಎದ್ದು ಬಾರಿಸುವುದಷ್ಟೇ ನಮ್ಮ ಪಾಲಿನ ಕೆಲಸ.